ಚೀಟಿಯ ಹಿಂಬದಿ

ಜಯಮಾಲಾ ಕೂತದ್ದನ್ನು ಕಂಡವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಬೆನ್ಸನ್ ಟೌನಿನ ಒಂದು ಓಣಿಯ ಕೊನೆಯಲ್ಲಿರುವ ಆ ಕನ್ನಡ ಕ್ರೈಸ್ತ ದೇವಾಲಯಕ್ಕೆ ಪ್ರತಿ ಭಾನುವಾರ ಮುನ್ನೂರು ಜನ ಬರುತ್ತಾರೆ, ಬೆಂಚುಗಳಿಗೂ ಬರವಿಲ್ಲ. ಆದರೆ ಈ ಹೆಂಗಸಿಗೆ ಮಾತ್ರ ಯಾವ ಬೆಂಚೂ ಹಿಡಿಸಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವವಳು ಅವಳು. ಪೀಠದ ಬಟ್ಟೆ ಹಾಸುವವಳು, ಹೂ ಜೋಡಿಸುವವಳು, ಹಾಡುವವರ ಬಿಳಿ ಗೌನುಗಳನ್ನು ಒಗೆದು ಇಸ್ತ್ರಿ ಮಾಡುವವಳು, ಆರಾಧನೆ ಮುಗಿದ ಮೇಲೆ ಚಹಾ ಬಸಿಯುವವಳು, ಕೊನೆಗೆ ಬೀಗ ಹಾಕುವವಳು ಎಲ್ಲವೂ ಅವಳೇ. ಪ್ರಸಂಗದ ಹೊತ್ತಿಗೆ ಸಭೆಯೆಲ್ಲ ಕೂತಾಗ ಇವಳು ಬಾಗಿಲ ಬಳಿ ನಿಂತು, ತಡವಾಗಿ ಬಂದವರಿಗೆ ಕಣ್ಣಲ್ಲೇ ಗದರಿಸಿ ಜಾಗ ತೋರಿಸುತ್ತಿದ್ದಳು. ಸಂಡೇ ಸ್ಕೂಲಿನ ಮಕ್ಕಳಿಗೆ ವಿಶ್ರಾಂತಿ ದಿನದ ಆಜ್ಞೆಯನ್ನು ಬಾಯಿಪಾಠ ಮಾಡಿಸಿದ್ದೂ ಅವಳೇ. ಅದನ್ನೂ ನಿಂತೇ ಮಾಡಿಸಿದಳು, ಒಂದು ಕೈಯಲ್ಲಿ ಕಸಬರಿಗೆ ಹಿಡಿದುಕೊಂಡು.

ಹೀಗೆ ಕಾಲಿಗೆ ಚಕ್ರ ಕಟ್ಟಿಕೊಳ್ಳಲು ಅವಳಿಗೆ ಕಾರಣವಿತ್ತು. ಜಯಮಾಲಾ ಮತ್ತು ಅವಳ ಗಂಡ ಮಾನಪ್ಪ ಬೀದರ ಕಡೆಯವರು, ಅಜ್ಜ ಮುತ್ತಜ್ಜನ ಕಾಲದಿಂದ ಕ್ರೈಸ್ತರು. ಇಪ್ಪತ್ತಾರು ವರ್ಷದ ಹಿಂದೆ ಕೂಲಿ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗ ಮಗಳು ಸೌಂದರ್ಯಾ ಆರು ತಿಂಗಳ ಕೂಸು. ಬಂದ ವರ್ಷವೇ ಕೂಸಿಗೆ ನ್ಯುಮೋನಿಯಾ ಆಯಿತು. ಗುರುತು ಪರಿಚಯವಿಲ್ಲದ ಊರಿನಲ್ಲಿ ಈ ಸಭೆಯ ಹೆಂಗಸರು ನಲವತ್ತು ದಿನ ಸರದಿಯ ಮೇಲೆ ಆಸ್ಪತ್ರೆಗೆ ಬುತ್ತಿ ತಂದರು, ಪಕ್ಕದಲ್ಲಿ ಕೂತರು. ಕೂಸು ಉಳಿಯಿತು. ಅವತ್ತು ಜಯಮಾಲಾ ಪೀಠದ ಮುಂದೆ ಮೊಣಕಾಲೂರಿ, "ಕರ್ತನೇ, ಇನ್ಮುಂದೆ ಈ ಕೈಕಾಲು ನಿನ್ನವು" ಎಂದು ಹರಕೆ ಹೊತ್ತಳು. ಆ ಮಾತನ್ನು ದೇವರು ಹೇಗೆ ತೆಗೆದುಕೊಂಡನೋ ನಮಗೆ ತಿಳಿಯದು, ಸಭೆಯವರು ಮಾತ್ರ ಅಕ್ಷರಶಃ ತೆಗೆದುಕೊಂಡರು.

ಈಗ ಮಗಳು ಮದುವೆಯಾಗಿ ಕಲಬುರಗಿಯಲ್ಲಿದ್ದಾಳೆ. ಗಂಡ ಹೆಂಡತಿ ಕೃಷ್ಣರಾಜಪುರದಲ್ಲಿ ಮಹಡಿಯ ಮೇಲೆ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದಾರೆ. ಜಯಮಾಲಾ ವಾರದ ದಿನಗಳಲ್ಲಿ ಹಲಸೂರಿನ ಒಂದು ಶಾಲೆಯಲ್ಲಿ ಆಯಾ. ಮಾನಪ್ಪ ಹಳೆ ಮದ್ರಾಸ್ ರಸ್ತೆಯಲ್ಲಿ ಲಾರಿ ತೂಗುವ ಕಾಟಾದಲ್ಲಿ ಕೆಲಸಕ್ಕಿದ್ದಾನೆ. ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ಹಾಸಿನ ಮೇಲೆ ಲಾರಿ ಹತ್ತಿ ನಿಲ್ಲುತ್ತದೆ, ಇವನು ಗೂಡಿನಂಥ ಕೋಣೆಯಲ್ಲಿ ಕೂತು ಗುಂಡಿ ಒತ್ತುತ್ತಾನೆ, ಗಾಡಿಯ ಸಂಖ್ಯೆ, ಸರಕು, ತೂಕ ಅಚ್ಚಾದ ಚೀಟಿ ಹೊರಬರುತ್ತದೆ. ಮಾತು ಕಡಿಮೆಯ ಮನುಷ್ಯ. ಭಾನುವಾರ ಹೆಂಡತಿ ನಸುಕಿನ ರೈಲಿಗೆ ಹೋದರೆ ಇವನು ಆಮೇಲಿನ ರೈಲಿಗೆ ಬಂದು, ಕಟ್ಟಕಡೆಯ ಬೆಂಚಿನಲ್ಲಿ ಕೂತು, ಆರಾಧನೆ ಮುಗಿದೊಡನೆ ಒಬ್ಬನೇ ಮನೆಗೆ ಹೋಗುತ್ತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹಾಡಿದ್ದು ಯಾವಾಗ ಎಂದು ಕೇಳಿದರೆ ಇಬ್ಬರಿಗೂ ನೆನಪಿಲ್ಲ.

ಈಗ ಚೀಟಿಗಳ ವಿಚಾರಕ್ಕೆ ಬರೋಣ. ದೇವಾಲಯದ ಬಾಗಿಲ ಪಕ್ಕ ಒಂದು ಮರದ ಡಬ್ಬಿ ಇದೆ. ಕಾಯಿಲೆ ಕಸಾಲೆ, ಮಕ್ಕಳ ಪರೀಕ್ಷೆ, ಕುಡಿತ ಬಿಡದ ಗಂಡ, ಹೀಗೆ ಯಾರಿಗೆ ಏನು ಪ್ರಾರ್ಥನೆ ಬೇಕೋ ಒಂದು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕುತ್ತಾರೆ. ಹೆಸರು ಹೇಳಲು ಸಂಕೋಚವಿದ್ದವರು 'ಒಬ್ಬ ಸಹೋದರ', 'ಒಬ್ಬ ಸಹೋದರಿ' ಎಂದು ಬರೆಯುವುದು ವಾಡಿಕೆ. ಶನಿವಾರ ಮಧ್ಯಾಹ್ನ ಜಯಮಾಲಾ ಡಬ್ಬಿ ಬಿಚ್ಚಿ, ಎಲ್ಲವನ್ನೂ ದುಂಡು ಅಕ್ಷರಗಳಲ್ಲಿ ಒಂದು ಹಾಳೆಗೆ ಇಳಿಸುತ್ತಾಳೆ. ಭಾನುವಾರ ಸಭಾಪಾಲಕರಾದ ನರೇಶ್ ಅಯ್ಯನವರು ಅದನ್ನು ಓದುತ್ತಾರೆ, ಸಭೆ ಪ್ರಾರ್ಥಿಸುತ್ತದೆ. ಪಟ್ಟಿ ಹನುಮಂತನ ಬಾಲದಂತೆ ಬೆಳೆಯತೊಡಗಿದಾಗ ಒಂದು ನಿಯಮ ತಂದವಳೂ ಅವಳೇ: ನಾಲ್ಕು ಭಾನುವಾರ ಓದಿದ ಮೇಲೆ ಹೆಸರು ತೆಗೆಯುವುದು. ದೇವರಿಗೆ ನಾಲ್ಕು ವಾರದ ಗಡುವು ಕೊಟ್ಟ ಹೆಂಗಸು ಕಂಟೋನ್ಮೆಂಟಿನಲ್ಲಿ ಇವಳೊಬ್ಬಳೇ ಇರಬೇಕು.

ದೇವಾಲಯದ ಸುಗ್ಗಿ ಹಬ್ಬಕ್ಕೆ ಇನ್ನೂ ಐದು ವಾರ ಇರುವಾಗ ಡಬ್ಬಿಯಲ್ಲಿ ಒಂದು ಚೀಟಿ ಬಿತ್ತು. 'ಒಬ್ಬ ಸಹೋದರ. ಊಟ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರಾರ್ಥಿಸಿರಿ.' ಜಯಮಾಲಾ ಬರೆದುಕೊಂಡಳು, ಚೀಟಿಯನ್ನು ಮೇಜಿನ ಮೇಲಿನ ಮೊಳೆಗೆ ಚುಚ್ಚಿದಳು. ಮುಂದಿನ ವಾರ, 'ಅದೇ ಸಹೋದರ. ರೊಟ್ಟಿ ಇಳಿಯುವುದಿಲ್ಲ. ಗಂಜಿ ಮಾತ್ರ.' ಬರೆದಳು, ಚುಚ್ಚಿದಳು. ಮೂರನೆಯ ವಾರದ ಚೀಟಿ ಸ್ವಲ್ಪ ಉದ್ದವಿತ್ತು. 'ಅದೇ ಸಹೋದರ. ಪರೀಕ್ಷೆಗೆ ಮನೆಯವರನ್ನು ಜೊತೆಗೆ ಕರೆತರಲು ಡಾಕ್ಟರು ಹೇಳಿದ್ದಾರೆ. ಹೆಂಡತಿಗೆ ಬಿಡುವಿಲ್ಲ.'

ಓದುತ್ತಿರುವ ನಿಮಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಅವಳಿಗೆ ಮಾತ್ರ ಗೊತ್ತಾಗಲಿಲ್ಲ. ಕೈಬರಹದ ಗುರುತಾದರೂ ಸಿಗಬಾರದಿತ್ತೇ ಎಂದು ಕೇಳಿದರೆ, ಫೋನು ಬಂದ ಮೇಲೆ ಯಾವ ಹೆಂಡತಿ ಗಂಡನ ಕೈಬರಹ ನೋಡಿದ್ದಾಳೆ ಹೇಳಿ.

ಆ ಗುರುವಾರ ದೊಮ್ಮಲೂರಿನಲ್ಲಿ ಪ್ರಿಯದರ್ಶಿನಿಯ ಮನೆಯಲ್ಲಿ ಸ್ತ್ರೀಯರ ಪ್ರಾರ್ಥನಾ ಕೂಟವಿತ್ತು. ಪ್ರಿಯದರ್ಶಿನಿ ಬ್ಯಾಂಕಿನ ಕೆಲಸದವಳು, ಜಯಮಾಲಾಗಿಂತ ಹದಿನೈದು ವರ್ಷ ಚಿಕ್ಕವಳು, ಅವಳ ಬಲಗೈ ಇದ್ದಂತೆ. ಜಯಮಾಲಾ ಅಲ್ಲಿ ಆ ಸಹೋದರನ ವಿಷಯ ಎತ್ತಿದಳು.

"ಬಿಡುವಿಲ್ಲವಂತೆ ನೋಡಿ! ಗಂಡನಿಗೆ ಅನ್ನ ಇಳೀತಿಲ್ಲ, ಇವಳಿಗೆ ಬಿಡುವಿಲ್ಲವಂತೆ. ಅಂಥಾ ಯಾವ ರಾಜಕಾರ್ಯ ಇರಬಹುದು ಆ ಮಹಾತಾಯಿಗೆ?"

"ಸೀರಿಯಲ್ ನೋಡ್ತಾ ಇರ್ಬೇಕು ಬಿಡಿ ಅಕ್ಕಾ," ಎಂದಳು ಪ್ರಿಯದರ್ಶಿನಿ. ಎಲ್ಲರೂ ನಕ್ಕರು.

ಜಯಮಾಲಾ ನಗಲಿಲ್ಲ. ಎದ್ದು ನಿಂತು, ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ ಗಟ್ಟಿಯಾಗಿ ಪ್ರಾರ್ಥಿಸಿದಳು. "ಕರ್ತನೇ, ಆ ಹೆಂಗಸು ಯಾರೋ ನಮಗೆ ಗೊತ್ತಿಲ್ಲ, ನಿನಗೆ ಗೊತ್ತು. ಅವಳ ಕಣ್ಣು ತೆರೆ. ತನ್ನ ಮನೆಯೊಳಗೆ ಏನು ನಡೀತಿದೆ ಅಂತ ಅವಳಿಗೆ ಕಾಣೋ ಹಾಗೆ ಮಾಡು. ಮೆತ್ತಗೆ ಹೇಳಿದ್ರೆ ಕೇಳೋಳಲ್ಲ ಅವಳು, ಹೊಡೆದು ಎಬ್ಬಿಸು." ಹನ್ನೆರಡು ಹೆಂಗಸರು ಆಮೆನ್ ಎಂದರು. ಪ್ರಿಯದರ್ಶಿನಿಯ ಆಮೆನ್ ಎಲ್ಲರಿಗಿಂತ ಜೋರಾಗಿತ್ತು.

ನಾಲ್ಕನೆಯ ಶನಿವಾರ ಬಂದ ಚೀಟಿ ಇದು: 'ಅದೇ ಸಹೋದರ. ಈ ವಾರ ನನಗಾಗಿ ಬೇಡ, ಹೆಂಡತಿಗಾಗಿ ಪ್ರಾರ್ಥಿಸಿರಿ. ಅವಳಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ.' ಜಯಮಾಲಾ ಬರೆಯುತ್ತಲೇ ತುಟಿ ಕೊಂಕಿಸಿದಳು. ಇಂಥ ಹೆಂಡತಿಗೆ ಇಂಥ ಗಂಡ ಸಿಕ್ಕಿದ್ದಾನಲ್ಲ ಎಂದು ಆ ಸಹೋದರನ ಮೇಲೆ ಅವಳಿಗೆ ಮರುಕ ಹುಟ್ಟಿತು.

ಐದನೆಯ ಶನಿವಾರ ಸುಗ್ಗಿ ಹಬ್ಬದ ಹಿಂದಿನ ದಿನ. ದೇವಾಲಯದ ತುಂಬ ಜನ ಕಾಣಿಕೆಯಾಗಿ ತಂದ ಕುಂಬಳಕಾಯಿ, ಬಾಳೆಗೊನೆ, ಕಬ್ಬಿನ ಜಲ್ಲೆ. ನಾಳೆ ಆರಾಧನೆಯಾದ ಮೇಲೆ ಎಲ್ಲವನ್ನೂ ಹರಾಜು ಹಾಕುವ ಪದ್ಧತಿ. ಜಯಮಾಲಾ ಹಿಂದಿನ ಕೋಣೆಯಲ್ಲಿ ಎಂದಿನಂತೆ ನಿಂತೇ ಪಟ್ಟಿ ಬರೆಯುತ್ತಿದ್ದಳು. ಆ ಸಹೋದರನಿಗೆ ನಾಲ್ಕು ವಾರ ತುಂಬಿತೇ ಇಲ್ಲವೇ? ಚೀಟಿಯಲ್ಲಿ ತಾರೀಖಿರಲಿಲ್ಲ. ಜನ ಬಿಲ್ಲು, ಬಸ್ ಟಿಕೆಟ್ಟು, ಕೈಗೆ ಸಿಕ್ಕಿದ್ದರ ಹಿಂದೆ ಬರೆದು ಹಾಕುತ್ತಾರೆ, ಹಿಂಬದಿಯಲ್ಲಿ ತಾರೀಖು ಇದ್ದೀತು ಎಂದು ನಾಲ್ಕೂ ಚೀಟಿಗಳನ್ನು ಮೊಳೆಯಿಂದ ಬಿಡಿಸಿ ಮೊದಲ ಸಲ ತಿರುಗಿಸಿದಳು.

ತಾರೀಖು ಇತ್ತು. ಅದರ ಕೆಳಗೆ 'ಒಟ್ಟು ತೂಕ 60 ಕೆ.ಜಿ.' ಎಂದು ಅಚ್ಚಾಗಿತ್ತು. ಲಾರಿ ತೂಗುವ ಚೀಟಿ. ಅರವತ್ತು ಕಿಲೋದ ಲಾರಿ ಯಾವುದಪ್ಪಾ ಎಂದು ಅವಳಿಗೆ ನಗು ಬಂತು. ಗಾಡಿಯ ಸಂಖ್ಯೆ ಇರಬೇಕಾದ ಕಡೆ ಕಣ್ಣಾಡಿಸಿದಳು. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಮಾನಪ್ಪ' ಎಂದಿತ್ತು. ಸರಕು: ಖಾಲಿ.

ಎರಡನೆಯದನ್ನು ನೋಡಿದಳು. ಮಾನಪ್ಪ. ಖಾಲಿ. 60 ಕೆ.ಜಿ. ಮೂರನೆಯದು, ಮಾನಪ್ಪ, ಖಾಲಿ, 50. ನಾಲ್ಕನೆಯದು, 50.

ಮತ್ತೆ ತಿರುಗಿಸಿ ಬರಹ ಓದಿದಳು, ಮತ್ತೆ ತಿರುಗಿಸಿ ಹೆಸರು ಓದಿದಳು. ಏಳೆಂಟು ಸಲ ಹಾಗೇ ಮಾಡಿದಳು. ಎಷ್ಟು ಸಲ ತಿರುಗಿಸಿದರೂ ಹೆಸರು ಬದಲಾಗಲಿಲ್ಲ. ರೊಟ್ಟಿ ಇಳಿಯುವುದಿಲ್ಲ. ಹೆಂಡತಿಗೆ ಬಿಡುವಿಲ್ಲ. ಅವಳ ಕಣ್ಣು ತೆರೆ, ಹೊಡೆದು ಎಬ್ಬಿಸು. ಹನ್ನೆರಡು ಆಮೆನ್‌ಗಳು ಒಟ್ಟಿಗೇ ಅವಳ ಮುಖಕ್ಕೆ ಬಂದು ಬಡಿದವು. ಆ ಮಹಾತಾಯಿ ತಾನೇ!

ಕುಂಬಳಕಾಯಿ ಎಲ್ಲಿಡಬೇಕೆಂದು ಕೇಳಲು ಒಳಗೆ ಬಂದ ಪ್ರಿಯದರ್ಶಿನಿ ಬಾಗಿಲಲ್ಲೇ ಹೌಹಾರಿ ನಿಂತಳು. ಜಯಮಾಲಾ ಕೂತಿದ್ದಳು. ಕುರ್ಚಿಯ ಮೇಲಲ್ಲ, ನೆಲದ ಮೇಲೆ, ಬಾಳೆಗೊನೆಗೆ ಒರಗಿಕೊಂಡು, ಕಾಲು ಚಾಚಿ.

"ಅಯ್ಯೋ ಅಕ್ಕಾ! ಏನಾಯ್ತು? ಬಿದ್ಬಿಟ್ರಾ? ನೀರು ತರ್ಲಾ?"

ಜಯಮಾಲಾ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಗೊಂಚಲನ್ನು ಬಿಚ್ಚಿ ಪ್ರಿಯದರ್ಶಿನಿಯ ಅಂಗೈಯಲ್ಲಿಟ್ಟಳು. ಇಪ್ಪತ್ತು ವರ್ಷದಿಂದ ಆ ಗೊಂಚಲನ್ನು ಅವಳು ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಬೇರೆ ಯಾವಾಗಲೂ ಬಿಚ್ಚಿದವಳಲ್ಲ.

"ಅಕ್ಕಾ, ನಾಳೆ ಹಬ್ಬ! ಪೀಠದ ಅಲಂಕಾರ ಯಾರು ಮಾಡ್ತಾರೆ?"

"ಯಾರಾದ್ರೂ ಮಾಡಿ," ಎಂದು ಜಯಮಾಲಾ ಎದ್ದು, ಚೀಟಿಗಳನ್ನು ಮುಷ್ಟಿಯಲ್ಲಿ ಹಿಡಿದು, ಚಪ್ಪಲಿ ಮೆಟ್ಟುವುದನ್ನೂ ಮರೆತು ಕಂಟೋನ್ಮೆಂಟ್ ಸ್ಟೇಷನ್ನಿನ ಕಡೆ ಓಡಿದಳು.

ರೈಲಿನಲ್ಲಿ ಸೀಟು ಖಾಲಿ ಇತ್ತು, ಅವಳು ಬಾಗಿಲ ಹತ್ತಿರ ನಿಂತೇ ಇದ್ದಳು. ಒಂದೊಂದೇ ನೆನಪಿಗೆ ಬರತೊಡಗಿತು. ಒಂದು ಶನಿವಾರ ಅವನು, "ಜಯಾ, ಒಂದ್ ಗಳಿಗಿ ಕೂಡು, ಒಂದ್ ಮಾತ್ ಹೇಳೋದದ," ಎಂದಿದ್ದ. "ಬಂದ್ ಕೂಡ್ತೀನ್ರೀ, ಟ್ರೇನ್ ಹೋಗ್ತದ," ಎಂದು ಇವಳು ಮೆಟ್ಟಿಲಿಳಿದಿದ್ದಳು. ಇನ್ನೊಂದು ದಿನ ಅವನು ತಟ್ಟೆ ಸರಿಸಿ ಕೂತಾಗ "ಉಪ್ಪು ಕಮ್ಮಿ ಆಗ್ಯದೇನು?" ಎಂದು ಕೇಳಿದ್ದಳು, ಅವನು ಉತ್ತರಿಸುವ ಮೊದಲೇ ಫೋನು ಬಂತು, ಯಾರಿಗೋ ಹಬ್ಬದ ಹರಾಜಿನ ಪಟ್ಟಿ ಬೇಕಿತ್ತು. ಎರಡು ತಿಂಗಳ ಹಿಂದೆ ಅವನು, "ಮಂಗಳವಾರ ರಜಾ ಹಾಕ್ತೀ ಏನು?" ಎಂದು ಕೇಳಿದ್ದ. "ಹಾಕೀನಲ್ಲ ಆಗ್ಲೇ, ಅವತ್ತು ಗೌನ್ ಒಗೀಬೇಕು," ಎಂದಿದ್ದಳು. ರಜ ಯಾಕೆ ಎಂದು ಕೇಳಲೇ ಇಲ್ಲ. ಕೇಳಲೇ ಇಲ್ಲವಲ್ಲ! ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಮನೆಯ ಮೆಟ್ಟಿಲ ಬುಡದಲ್ಲಿ, ಕೆಳಗಿನ ಮನೆಯ ಇಮಾಮ್ ಬೀ ಸ್ಟೀಲಿನ ಡಬ್ಬಿಯೊಂದನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಅರವತ್ತರ ಹೆಂಗಸು. ಶನಿವಾರ ಈ ಹೊತ್ತಿನಲ್ಲಿ ಜಯಮಾಲಾಳನ್ನು ಕಂಡು ಅವಳೇ ಬೆಚ್ಚಿಬಿದ್ದಳು.

"ಅರೇ ಬೆಹೆನ್, ನೀವು? ಇಷ್ಟು ಬೇಗ? ಕಾಲಲ್ಲಿ ಚಪ್ಪಲಿ ಇಲ್ಲ!"

"ಏನದು ಡಬ್ಬಿ?"

"ಭಾಯ್‌ಗೆ ಗಂಜಿ. ದಿನಾ ಕಾಟಾಗೆ ನಾನೇ ಕೊಟ್ಟು ಬರ್ತೀನಲ್ಲ." ಜಯಮಾಲಾಳ ಮುಖ ನೋಡಿ ಅವಳ ಧ್ವನಿ ಇಳಿಯಿತು. "ನಿಮ್ಗೆ ಗೊತ್ತಿಲ್ವಾ? ಎರಡು ತಿಂಗಳಾಯ್ತು ಬೆಹೆನ್. ಗಂಟಲಲ್ಲಿ ಇಳಿಯಲ್ಲ ಅವರಿಗೆ. ನೀವು ಕಟ್ಟೋ ಬುತ್ತಿ ಲಾರಿ ಡ್ರೈವರ್‌ಗಳಿಗೆ ಕೊಟ್ಬಿಡ್ತಾರೆ."

ಬುತ್ತಿ ಡಬ್ಬಿ ದಿನಾ ತೊಳೆದು ಖಾಲಿಯಾಗಿ ಬರುತ್ತಿತ್ತು. ಗಂಡ ಹೊಟ್ಟೆ ತುಂಬ ಉಣ್ಣುತ್ತಿದ್ದಾನೆಂದು ಜಯಮಾಲಾ ಹಿಗ್ಗಿದ್ದಳು. ಜೊತೆಗೆ ಒಂದೇ ಕೋಣೆಯಲ್ಲಿ ಮಲಗೇಳುವ ತನಗೆ ಗೊತ್ತಿಲ್ಲದ್ದು ಕೆಳಗಿನ ಮನೆಯವಳಿಗೆ ಗೊತ್ತಿದೆ. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು.

"ಕೊಡಿ, ನಾನೇ ಒಯ್ತೀನಿ," ಎಂದಳು. ಇಮಾಮ್ ಬೀ ಡಬ್ಬಿಯ ಜೊತೆ ತನ್ನ ಚಪ್ಪಲಿಯನ್ನೂ ಕೊಟ್ಟಳು.

ಕಾಟಾದ ಮೇಲೆ ಜಲ್ಲಿ ತುಂಬಿದ ಲಾರಿಯೊಂದು ನಿಂತಿತ್ತು. ಅದು ಇಳಿದು ಹೋದ ಮೇಲೆ, ಧೂಳಿನಾಚೆ ಹೆಂಡತಿ ನಿಂತದ್ದನ್ನು ಕಿಟಕಿಯಿಂದ ಕಂಡ ಮಾನಪ್ಪ ಗಾಬರಿಯಾಗಿ ಎದ್ದು ಹೊರಗೆ ಬಂದ.

"ಏನಾತು? ಸೌಂದರ್ಯಾಗ ಏನರ ಆತೇನು?"

ಹಬ್ಬದ ಹಿಂದಿನ ದಿನ ಹೆಂಡತಿ ತನ್ನನ್ನು ಹುಡುಕಿಕೊಂಡು ಬರಬೇಕಾದರೆ ಯಾರೋ ಸತ್ತಿರಲೇಬೇಕು ಎಂಬಂತಿತ್ತು ಅವನ ಮುಖ. ಆ ಮುಖವನ್ನು ಜಯಮಾಲಾ ಆಗ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು. ಅಂಗಿಯ ಕಾಲರು ಕುತ್ತಿಗೆಯಿಂದ ಎರಡು ಬೆರಳು ದೂರ ನಿಂತಿತ್ತು. ಇದು ಒಂದು ದಿನದಲ್ಲಿ ಆದದ್ದಲ್ಲ. ಇಷ್ಟು ದಿನ ತಾನು ಯಾರ ಮುಖ ನೋಡುತ್ತಿದ್ದೆ ಎಂದು ಅವಳು ದಂಗಾದಳು.

ಒಳಗೆ ಹೋಗಿ ನಾಲ್ಕೂ ಚೀಟಿಗಳನ್ನು ಅಚ್ಚಿನ ಬದಿ ಮೇಲಾಗಿ ಮೇಜಿನ ಮೇಲಿಟ್ಟಳು. ಮಾನಪ್ಪ ನೋಡಿದ, ನಿಧಾನವಾಗಿ ಕೂತ.

"ಸಿಕ್ತಾ," ಎಂದ. ಅದರಲ್ಲಿ ಕೊಂಕಿರಲಿಲ್ಲ.

"ನಂಗ ಯಾಕ ಹೇಳ್ಲಿಲ್ರೀ?"

"ಹೇಳ್ಲಿಕ್ಕಿ ನೋಡ್ದೆ. ನೀ ನಿಂತಕಡಿ ನಿಲ್ಲಂಗಿಲ್ಲ. ಡಬ್ಬಿದಾಗ ಹಾಕಿದ್ರ ನೀನೇ ಬರ್ಕೋತಿ, ತಿರುಗಿಸಿ ನೋಡ್ತಿ ಅನ್ಕೊಂಡೆ." ಅವನು ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿದ. "ಶನಿವಾರ ಸಂಜಿ ನೀ ಮನಿಗಿ ಬರೋ ಹೊತ್ತಿಗಿ ಬಾಗಿಲ ಕಡಿನೇ ನೋಡ್ತಿದ್ದೆ. ಇವತ್ ಕೇಳ್ತಾಳ, ಇವತ್ ಕೇಳ್ತಾಳ ಅಂತ."

ನಾಲ್ಕು ಶನಿವಾರ. ಆ ನಾಲ್ಕೂ ಶನಿವಾರ ಅವಳು ಮನೆಗೆ ಬಂದವಳೇ, ಭಾನುವಾರದ ಹಾಡಿನ ಸಂಖ್ಯೆಗಳನ್ನು ಬರೆಯಲು ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು.

"ಓದ್ಲಿಲ್ರೀ ನಾ. ಬರೆದೆ ಅಷ್ಟೇ. ಎಲ್ಲರದೂ ಬರೀತೀನಿ, ಯಾರದೂ ಓದಂಗಿಲ್ಲ." ಗುರುವಾರದ ಪ್ರಾರ್ಥನೆಯನ್ನೂ ಬಚ್ಚಿಡದೆ ಹೇಳಿದಳು. ಮಹಾತಾಯಿ ಅಂದದ್ದು, ಎಲ್ಲರೂ ನಕ್ಕದ್ದು, ಹೊಡೆದು ಎಬ್ಬಿಸು ಅಂದದ್ದು.

ಮಾನಪ್ಪನಿಗೆ ನಗು ಬಂತು. ನಗು ಗಂಟಲಲ್ಲೇ ಸಿಕ್ಕಿಕೊಂಡು ಕೆಮ್ಮಾಗಿ, ಕಣ್ಣಲ್ಲಿ ನೀರು ಬಂತು. "ದೇವರು ಕೇಳ್ಯಾನಲ್ಲ ಮತ್ತ," ಎಂದ, ಉಸಿರು ಸಿಕ್ಕ ಮೇಲೆ.

ಆಸ್ಪತ್ರೆಯ ಸುದ್ದಿಯೂ ಆಗ ಹೊರಬಂತು. ಎರಡು ಸಲ ಪರೀಕ್ಷೆಗೆ ದಿನ ಕೊಟ್ಟಿದ್ದರು. ಮೊದಲ ಸಲ ಅವನೊಬ್ಬನೇ ಹೋಗಿದ್ದ. ಗಂಟಲೊಳಗೆ ಕೊಳವೆ ಇಳಿಸುವಾಗ ಮತ್ತಿನ ಮದ್ದು ಕೊಡಬೇಕು, ಮನೆಯವರಿಲ್ಲದೆ ಕೊಡುವುದಿಲ್ಲ. "ಜೊತೆಗೆ ಯಾರಿದ್ದಾರೆ?" ಎಂದು ನರ್ಸು ಕೇಳಿದಾಗ ಮಾನಪ್ಪ "ದೇವರಿದ್ದಾನೆ" ಎಂದನಂತೆ. "ದೇವರು ಸರಿ ಯಜಮಾನ್ರೇ, ಫಾರ್ಮಿಗೆ ಸಹಿ ಹಾಕೋಕೆ ಒಬ್ರು ಬೇಕಲ್ಲ," ಎಂದು ಆಕೆ ವಾಪಸ್ ಕಳಿಸಿದ್ದಳು. ಎರಡನೆಯ ಸಲ ಅವನು ಹೋಗಲೇ ಇಲ್ಲ. ಇಮಾಮ್ ಬೀ ತಾನು ಬರುತ್ತೇನೆ ಎಂದಿದ್ದಳು, ಇವನು ಬೇಡ ಎಂದಿದ್ದ.

"ಯಾಕ ಬ್ಯಾಡ ಅಂದ್ರಿ?"

"ಅಂಜಿಕಿ ಬಂದಿತ್ತು," ಎಂದ ಮಾನಪ್ಪ. "ಅಂಜಿಕಿ ಆದಾಗ ನೀನೇ ಬೇಕನ್ನಿಸ್ತದ."

ಮದುವೆಯಾದಾಗಿನಿಂದ ಅವನು ಆಡಿದ ಅತ್ಯಂತ ದೊಡ್ಡ ಮಾತು ಅದು. ಜಯಮಾಲಾ ಡಬ್ಬಿಯ ಮುಚ್ಚಳ ತೆಗೆದು, ಅವನ ಎದುರಿಗೆ ಡ್ರೈವರುಗಳು ಕೂರುವ ಸ್ಟೂಲಿನ ಮೇಲೆ ಕೂತಳು. ಅವನು ಗಂಜಿ ಕುಡಿಯುವುದನ್ನು ನೋಡಿದಳು. ಒಂದೊಂದು ಗುಟುಕಿಗೂ ಕಣ್ಣು ಮುಚ್ಚುತ್ತಿದ್ದ, ಎದೆ ಒತ್ತಿ ಹಿಡಿಯುತ್ತಿದ್ದ, ಕಾಯುತ್ತಿದ್ದ. ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಮೂರು ಲಾರಿ ಬಂದವು, ತೂಗಿಸಿಕೊಂಡು ಹೋದವು. ಅವಳ ಫೋನು ಒಂಬತ್ತು ಸಲ ಬಡಿದುಕೊಂಡಿತು. ಅವಳು ಎದ್ದೇಳಲಿಲ್ಲ.

ಮರುದಿನ ಸುಗ್ಗಿ ಹಬ್ಬ. ಗಂಡ ಹೆಂಡತಿ ಒಂದೇ ರೈಲಿನಲ್ಲಿ ಬಂದು, ಕಟ್ಟಕಡೆಯ ಬೆಂಚಿನಲ್ಲಿ ಒಟ್ಟಿಗೆ ಕೂತರು. ಸಭೆಯ ಅರ್ಧ ಜನ ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಆರಾಧನೆ ಮಾಡಿದರು. ಬಾಳೆಗೊನೆಯನ್ನು ತಲೆಕೆಳಗು ಕಟ್ಟಿದ್ದರು. ಪೀಠದ ಬಟ್ಟೆ ಒಂದು ಕಡೆ ಗೇಣುದ್ದ ಇಳಿಬಿದ್ದಿತ್ತು. ಜಯಮಾಲಾಳ ಕಾಲು ತಾನಾಗಿಯೇ ಎರಡು ಸಲ ನೆಟ್ಟಗಾಯಿತು. ಎರಡು ಸಲವೂ ಅವಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಆಶ್ಚರ್ಯವೆಂದರೆ, ಬಟ್ಟೆ ಸೊಟ್ಟಗಿದ್ದರೂ ದೇವರೇನೂ ಎದ್ದು ಹೊರಗೆ ಹೋದಂತೆ ಕಾಣಲಿಲ್ಲ.

ನರೇಶ್ ಅಯ್ಯನವರು ಪ್ರಾರ್ಥನೆಯ ಪಟ್ಟಿ ಓದಿ ಮುಗಿಸಿ, "ಬೇರೆ ಯಾರದಾದರೂ ಇದೆಯೇ?" ಎಂದು ಕೇಳಿದರು. ಜಯಮಾಲಾ ಎದ್ದು ನಿಂತಳು.

"ಅಯ್ಯನವರೇ, ನಾಲ್ಕು ವಾರ ನಾವು ಪ್ರಾರ್ಥನೆ ಮಾಡಿದ್ವಲ್ಲ, ಒಬ್ಬ ಸಹೋದರ ಅಂತ. ಅವರು ಇವರು. ನನ್ನ ಗಂಡ." ಮೈಕ್ ಇರಲಿಲ್ಲ, ಆದರೂ ಪ್ರತಿ ಮಾತು ಎಲ್ಲರಿಗೂ ಕೇಳಿಸಿತು. "ಬಿಡುವಿಲ್ಲದ ಆ ಹೆಂಡತಿ ನಾನು. ಆ ಚೀಟಿ ಎಲ್ಲ ನಾನೇ ನಕಲು ಮಾಡ್ದೆ. ನನಗೆ ಗೊತ್ತೇ ಆಗ್ಲಿಲ್ಲ."

ಮುಂದಿನ ಸಾಲಿನಲ್ಲಿ ಪ್ರಿಯದರ್ಶಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಯ್ಯನವರು ಪೀಠ ಬಿಟ್ಟು ಇಳಿದು, ನಡುವಿನ ದಾರಿಯಲ್ಲಿ ಕೊನೆಯ ಬೆಂಚಿನವರೆಗೆ ಬಂದರು. ಬಿಳಚಿಕೊಂಡಿದ್ದರು. "ಅಮ್ಮಾ, ಎಲ್ಲಾ ಜಯಮಾಲಾ ನೋಡ್ಕೊಳ್ತಾರೆ ಅಂತ ನಾವು ಇಪ್ಪತ್ತು ವರ್ಷ ನೆಮ್ಮದಿಯಾಗಿ ಕೂತಿದ್ವಿ. ನಿಮ್ಮ ಪಾಲಿನ ವಿಶ್ರಾಂತಿನೂ ನಾವೇ ತಿಂದ್ಬಿಟ್ವಿ. ಆ ನಾಲ್ಕು ಚೀಟಿ ನಾನೂ ಓದಿದ್ದೆ, ಗಟ್ಟಿಯಾಗಿ ಓದಿದ್ದೆ. ಯಾರು ಅಂತ ಹುಡುಕೋಕೆ ನನಗೂ ತೋಚಲಿಲ್ಲ." ಅವರು ಮಾನಪ್ಪನ ಪಕ್ಕದಲ್ಲೇ ಕೂತುಬಿಟ್ಟರು. ಆ ದಿನದ ಪ್ರಸಂಗ ನಡೆಯಲೇ ಇಲ್ಲ.

ಮಂಗಳವಾರ ಆಸ್ಪತ್ರೆಯಲ್ಲಿ ಮೊದಲು ಅವನನ್ನು ತೂಗಿದರು. ನಲವತ್ತಾರು ಕಿಲೋ. ಹತ್ತತ್ತು ಕಿಲೋದ ಲೆಕ್ಕದಲ್ಲಿ ತೂಗುವ ಲಾರಿ ಕಾಟಾ ಅವನಿಗೆ ನಾಲ್ಕು ಕಿಲೋ ಧರ್ಮಕ್ಕೆ ಕೊಟ್ಟಿತ್ತು. ಜಯಮಾಲಾ ಆ ಅಂಕಿಯನ್ನೇ ನೋಡುತ್ತ ನಿಂತಳು. ಅದೇ ನರ್ಸು ಫಾರ್ಮು ಹಿಡಿದು ಬಂದಳು.

"ಜೊತೆಗೆ ಯಾರಿದ್ದಾರೆ?"

"ಇಕಿ," ಎಂದ ಮಾನಪ್ಪ.

"ಹೋದ ಸಲ ದೇವರು ಅಂದಿದ್ರಿ?"

"ಅವನೇ ಕಳಿಸ್ಯಾನ."

ಜಯಮಾಲಾ ಸಹಿ ಹಾಕಿದಳು. ಹಾಕುವ ಮೊದಲು ಫಾರ್ಮನ್ನು ತಿರುಗಿಸಿ ಹಿಂಬದಿಯನ್ನೂ ಓದಿದಳು.

ಒಂದು ಗಂಟೆಯಾದ ಮೇಲೆ ಡಾಕ್ಟರು ಅವಳನ್ನು ಕರೆದರು. ಅನ್ನನಾಳದಲ್ಲಿ ಗಡ್ಡೆ ಇದೆ, ನೋಡಿದರೆ ಒಳ್ಳೆಯ ಗಡ್ಡೆಯಂತೆ ಕಾಣುತ್ತಿಲ್ಲ, ಚೂರು ತೆಗೆದು ಕಳಿಸಿದ್ದೇವೆ ಎಂದರು. ಆಪರೇಷನ್ ಆಗಬೇಕು, ಅದಕ್ಕೂ ಮೊದಲು ಮೈಗೆ ಸ್ವಲ್ಪ ಶಕ್ತಿ ಬರಬೇಕು. ಕೈ ಮೀರಿದೆ ಎಂದು ಹೇಳುವುದಿಲ್ಲ, ದಾರಿ ಇದೆ. "ಆದ್ರೆ ಎರಡು ತಿಂಗಳ ಹಿಂದೆ ಡೇಟ್ ಕೊಟ್ಟಿದ್ವಲ್ಲಮ್ಮ, ಅವತ್ತೇ ನೀವು ಜೊತೆಗೆ ಬಂದಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ. ಅವತ್ತು ಏನಾಗಿತ್ತು?"

ಅವತ್ತು ಗೌನು ಒಗೆಯುವುದಿತ್ತು. ಒಗೆದ ಹದಿನಾಲ್ಕು ಬಿಳಿ ಗೌನುಗಳು ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದದ್ದು ಕಣ್ಣ ಮುಂದೆ ಬಂತು. ಅವತ್ತು ಅವನ್ನು ನೋಡಿ ಅವಳು ಹೆಮ್ಮೆಪಟ್ಟಿದ್ದಳು.

ಮಾನಪ್ಪನನ್ನು ಮಲಗಿಸಿದ್ದ ಕಡೆಗೆ ಬಂದು ಸ್ಟೂಲು ಎಳೆದುಕೊಂಡು ಕೂತಳು. ಪ್ರಾರ್ಥಿಸಬೇಕೆಂದು ಕಣ್ಣು ಮುಚ್ಚಿದಳು. ಅರ್ಧ ಗಂಟೆ ಎಡೆಬಿಡದೆ ಪ್ರಾರ್ಥಿಸಬಲ್ಲ ಹೆಂಗಸಿಗೆ ಒಂದು ಪದವೂ ಹುಟ್ಟಲಿಲ್ಲ. ಸುಮ್ಮನೆ ಅವನ ಕೈ ಹಿಡಿದುಕೊಂಡು ಕೂತಳು. ಎಷ್ಟೋ ವರ್ಷದ ಮೇಲೆ ಅವಳಿಗೆ ಯಾವ ಕಡೆಗೂ ಓಡಬೇಕೆನ್ನಿಸಲಿಲ್ಲ.

ಮದ್ದಿನ ಮತ್ತು ಇಳಿದು ಮಾನಪ್ಪ ಕಣ್ಣು ಬಿಟ್ಟ. ಪೂರ್ತಿ ಎಚ್ಚರವಿರಲಿಲ್ಲ. ಮಂಜುಗಣ್ಣಿನಲ್ಲಿ ಪಕ್ಕದಲ್ಲಿದ್ದವಳನ್ನು ಗುರುತು ಹಿಡಿದು, ಗಾಬರಿಯಿಂದ ತನ್ನ ಕೈಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳಲು ನೋಡಿದ.

"ಹೋಗು ಜಯಾ," ಎಂದ. "ನಿನಗ ತಡ ಆಗ್ತದ."

ಜಯಮಾಲಾ ಕೈ ಬಿಡಲಿಲ್ಲ. ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು.